ಅಮ್ಮನ ಹುಳಿಗೆ ಇಂಗ್ಲಿಷ್ ಒಗ್ಗರಣೆ!



ಅಂಗಡಿ ಬೋರ್ಡಿನಲ್ಲಿ ಕನ್ನಡ ಎಷ್ಟಿದೆ ಎಂದು ಟೇಪು ಹಿಡಿದು ಅಳೆಯುವವರು ನಾವು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾದಾಗ ಸಿಹಿ ಹಂಚಿದವರೂ ನಾವೇ. ಸಂತೋಷ. ಆದರೆ ಇವತ್ತು ನಾನು ಕೇಳಬೇಕೆಂದಿರುವುದು ಬೇರೆ. ನಿಮ್ಮ ಮನೆಯ ಒಲೆಯ ಪಕ್ಕ, ಒಗ್ಗರಣೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಶೇಕಡಾ ಎಷ್ಟು ಕನ್ನಡವಿದೆ ಸ್ವಾಮಿ?

ನಗಬೇಡಿ. ಬೀದಿಯಲ್ಲಿ ಸೋತರೆ ನಾಳೆ ಮತ್ತೆ ಧರಣಿ ಕೂರಬಹುದು. ಅಡುಗೆಮನೆಯಲ್ಲಿ ಸೋತರೆ ಧರಣಿ ಕೂರಲು ಜಾಗವೇ ಇರುವುದಿಲ್ಲ.

ಈಗ ಅಡುಗೆ ಬರೆದಿಟ್ಟುಕೊಳ್ಳುವುದಕ್ಕೂ ಸಾಫ್ಟ್‌ವೇರ್ ಬಂದಿದೆ. ಪಾಪ್ರಿಕಾ, ಮೀಲಿ, ತಂದೂರ್ ಎಂದೆಲ್ಲ ಹೆಸರು. ಕೆಲವಕ್ಕೆ ದುಡ್ಡು ಕೊಡಬೇಕು, ಕೆಲವು ಪುಕ್ಕಟೆ. ಇವು ಮಾಡುವ ಕೆಲಸ ಸಣ್ಣದೇನಲ್ಲ. ಯಾವುದೋ ವೆಬ್‌ಸೈಟಿನಲ್ಲಿ ಕಂಡ ಅಡುಗೆಯ ಕೊಂಡಿ ಕೊಟ್ಟರೆ ಜಾಹೀರಾತು, ಹರಟೆಯೆಲ್ಲ ಬಿಟ್ಟು ಸಾಮಾನಿನ ಪಟ್ಟಿ ಮತ್ತು ವಿಧಾನ ಎರಡನ್ನೇ ಎಳೆದುಕೊಳ್ಳುತ್ತದೆ. ನಾಲ್ಕು ಜನರ ಅಳತೆಯನ್ನು ಹನ್ನೆರಡು ಜನಕ್ಕೆ ಗುಣಿಸಿ ಕೊಡುತ್ತದೆ. ಸೋಮವಾರದಿಂದ ಭಾನುವಾರದವರೆಗೆ ಏನೇನು ಅಡುಗೆ ಎಂದು ಬರೆದಿಟ್ಟರೆ ವಾರದ ದಿನಸಿ ಚೀಟಿಯನ್ನು ತಾನೇ ಮಾಡುತ್ತದೆ. ಆ ಚೀಟಿ ಮನೆಯ ಎಲ್ಲರ ಫೋನಿನಲ್ಲೂ ಕಾಣುತ್ತದೆ. ಅಂದರೆ ಆಫೀಸಿನಿಂದ ಬರುವ ಗಂಡಸು ‘ನನಗೆ ಗೊತ್ತಿರಲಿಲ್ಲ’ ಎಂದು ಕೈ ಬೀಸಿಕೊಂಡು ಬರುವಂತಿಲ್ಲ! ಈ ಒಂದು ಕಾರಣಕ್ಕೇ ಈ ಯಂತ್ರವನ್ನು ನಾನು ಸ್ವಾಗತಿಸುತ್ತೇನೆ. ‘ಇವತ್ತು ಏನು ಅಡುಗೆ’ ಎಂಬ ಪ್ರಶ್ನೆಯನ್ನು ದಿನವೂ ಒಬ್ಬಳೇ ಹೆಂಗಸು ತಲೆಯಲ್ಲಿ ಹೊರುತ್ತಿದ್ದ ಕಾಲ ಮುಗಿಯಲಿ. ಬಾಡಿಗೆ ರೂಮಿನಲ್ಲಿ ನಾಲ್ವರು ಸೇರಿ ಇರುವ ಹುಡುಗರಿಗಂತೂ ಇದು ವರವೇ. ರಾತ್ರಿ ಹತ್ತಕ್ಕೆ ಹಸಿದು ಮೊಬೈಲಿನಲ್ಲಿ ಆರ್ಡರ್ ಮಾಡುವ ದುಡ್ಡಿನಲ್ಲಿ ಎರಡು ದಿನದ ದಿನಸಿ ಬರುತ್ತದೆ.

ಅಡುಗೆಗೂ ಕಂಪ್ಯೂಟರಿಗೂ ನಂಟು ಹೊಸದೂ ಅಲ್ಲ. 1969ರಲ್ಲೇ ಅಮೆರಿಕದ ಹನಿವೆಲ್ ಕಂಪನಿಯ ‘ಕಿಚನ್ ಕಂಪ್ಯೂಟರ್’ ನೀಮನ್ ಮಾರ್ಕಸ್ ಎಂಬ ಶ್ರೀಮಂತರ ಅಂಗಡಿಯ ಕ್ಯಾಟಲಾಗಿನಲ್ಲಿ ಬಂದಿತ್ತು. ಬೆಲೆ 10,600 ಡಾಲರ್. ಗೃಹಿಣಿ ಅದರಲ್ಲಿ ಅಡುಗೆ ವಿಧಾನ ಇಟ್ಟುಕೊಂಡು ಊಟದ ಪಟ್ಟಿ ಮಾಡಬೇಕಂತೆ. ಅದಕ್ಕೆ ಅವಳು ಎರಡು ವಾರ ತರಬೇತಿ ಪಡೆಯಬೇಕಿತ್ತು, ಸ್ವಿಚ್ಚು ಒತ್ತಿ ದೀಪ ಎಣಿಸಿ ಉತ್ತರ ಓದಬೇಕಿತ್ತು. ಒಂದಾದರೂ ಮಾರಾಟವಾದ ದಾಖಲೆ ಇಲ್ಲ. ಅವತ್ತು ಆ ಯಂತ್ರಕ್ಕೆ ಗೃಹಿಣಿಯ ಭಾಷೆ ಬರುತ್ತಿರಲಿಲ್ಲ. ಇವತ್ತಿನ ಯಂತ್ರಕ್ಕೆ ಅಮೆರಿಕದ ಗೃಹಿಣಿಯ ಭಾಷೆ ಬರುತ್ತದೆ. ನಮ್ಮ ಅಮ್ಮಂದಿರದು ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಮನೆಯಲ್ಲಿ, ಪೆಟ್ಟು ತಿಂದು.

ನನ್ನ ಅಮ್ಮನ ತವರು ತಿಪಟೂರು ಕಡೆ. ಅವರದೊಂದು ಅಡುಗೆ ಪುಸ್ತಕವಿತ್ತು. ಪುಸ್ತಕವೆಂದರೆ ನಮ್ಮದೇ ಪ್ರೆಸ್ಸಿನ ಕತ್ತರಿಕೆ ಹಾಳೆಗಳನ್ನು ಅಪ್ಪ ಹೊಲಿದು ರಟ್ಟು ಹಾಕಿಕೊಟ್ಟಿದ್ದು. ಮೂವತ್ತು ವರ್ಷ ಎಣ್ಣೆ, ಅರಿಶಿನ ಕುಡಿದ ಹಾಳೆಗಳು. ಇಂಜಿನಿಯರಿಂಗ್ ಓದುವ ನನ್ನ ಮಗಳು ಒಂದು ಬೇಸಿಗೆ ರಜೆಯಲ್ಲಿ, ‘ಅಜ್ಜಿಯ ಅಡುಗೆಯೆಲ್ಲ ಆ್ಯಪಿಗೆ ಹಾಕ್ತೀನಿ ಅಪ್ಪಾ’ ಎಂದು ಕೂತಳು. ಒಳ್ಳೆಯ ಮನಸ್ಸಿನಿಂದಲೇ ಕೂತಳು. ಮೊದಲು ಕನ್ನಡದಲ್ಲೇ ಶುರು ಮಾಡಿದಳು. ‘೨ ಪಾವು ಅಕ್ಕಿ’ ಎಂದು ಹೊಡೆದರೆ ಆ್ಯಪಿಗೆ ಅದು ಅಂಕಿ ಎಂದೇ ತಿಳಿಯಲಿಲ್ಲ. ನಾಲ್ಕು ಜನಕ್ಕೆ ಇದ್ದದ್ದನ್ನು ಎಂಟಕ್ಕೆ ಏರಿಸಿದರೂ ‘೨ ಪಾವು’ ಎರಡೇ ಪಾವಾಗಿ ಉಳಿಯಿತು. ‘ಪಾವು’ ಎಂಬ ಅಳತೆ ಅದರ ಪಟ್ಟಿಯಲ್ಲಿಲ್ಲ. ಕಪ್ಪು, ಔನ್ಸು, ಪೌಂಡು ಇವೆ. ಪಿಡಿಎಫ್ ಮಾಡಿ ಪ್ರಿಂಟ್ ತೆಗೆದರೆ ‘ಅಕ್ಕಿ’ ಹೋಗಿ ‘ಅಕ್‌ಕಿ’ ಆಗಿತ್ತು, ಒತ್ತಕ್ಷರಗಳೆಲ್ಲ ಸಾಲಿನಿಂದ ಜಾರಿ ಪಕ್ಕಕ್ಕೆ ಬಿದ್ದಿದ್ದವು. ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಒತ್ತಕ್ಷರ ಜಾರಿದರೆ ನಮ್ಮಪ್ಪ ಕಂಪೋಸಿಟರಿಗೆ ಬೈದು ಫಾರಂ ಬಿಚ್ಚಿಸುತ್ತಿದ್ದರು. ಇಲ್ಲಿ ಯಾರಿಗೆ ಬೈಯುವುದು?

‘ಇಂಗ್ಲಿಷಲ್ಲಿ ಹಾಕಿದ್ರೆ ಎಲ್ಲಾ ಸರಿಯಾಗಿ ಲೆಕ್ಕ ಮಾಡತ್ತೆ ಅಪ್ಪಾ’ ಅಂದಳು. ಹಾಕು ಅಂದೆ. ತಪ್ಪು ಅವಳದಲ್ಲ, ನನ್ನದು. ಕನ್ನಡ ಅಕ್ಷರ ಅಚ್ಚು ಹಾಕಿ ಅನ್ನ ತಿನ್ನುವ ನಾನೇ ಹಾಗೆ ಅಂದೆ.

ಮೂರು ವಾರದಲ್ಲಿ ಅರವತ್ತು ಅಡುಗೆ ಒಳಗೆ ಹೋಯಿತು. ಅಮ್ಮನಿಗೂ ಖುಷಿ. ಫೋನಿನಲ್ಲಿ ತಮ್ಮ ಅಡುಗೆಯ ಚಿತ್ರ ನೋಡಿ ನಕ್ಕರು. ಅದೇ ವರ್ಷ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ‘ಇದೆಲ್ಲ ಫೋನಿನಲ್ಲಿ ಇದೆಯಲ್ಲ’ ಎಂದು ಯಾರೋ ಆ ಪುಸ್ತಕವನ್ನು ರದ್ದಿ ಮೂಟೆಗೆ ಸೇರಿಸಿದರು. ಪ್ರೆಸ್ಸಿನ ರದ್ದಿಯ ಜೊತೆ ಅದೂ ಹೋಯಿತು. ಮರು ವರ್ಷ ಅಮ್ಮನೂ ಹೋದರು.

ಅವರ ವರ್ಷದ ತಿಥಿಗೆ ಅತ್ತಿಗೆ ಬಂದಿದ್ದರು. ಅಮ್ಮನ ಹುಳಿಪುಡಿಯನ್ನೇ ಮಾಡೋಣ ಎಂದು ಮಗಳು ಫೋನು ತೆಗೆದಳು. ಅದರಲ್ಲಿ ಏನಿತ್ತು ಗೊತ್ತೇ? ‘ರೋಸ್ಟ್ ಸ್ಪೈಸಸ್ ಅಂಟಿಲ್ ಡನ್. ಗ್ರೈಂಡ್.’ ಮುಗಿಯಿತು! ಮೆಂತ್ಯ ಕೆಂಪಾಗುವ ಮುಂಚೆ ಇಳಿಸಬೇಕೋ ಆಮೇಲೋ? ಕೊಬ್ಬರಿಯನ್ನು ಬಿಸಿ ಬಾಣಲೆಯಲ್ಲಿ ಹಾಗೇ ಬಾಡಿಸುವುದೋ, ಎಣ್ಣೆ ಹಾಕಿ ಹುರಿಯುವುದೋ? ಪುಡಿ ನುಣ್ಣಗೋ, ತರಿತರಿಯಾಗೋ? ಪುಸ್ತಕದಲ್ಲಿ ಎಲ್ಲ ಇತ್ತು. ‘ಕಡಲೆಬೇಳೆ ಘಮ್ಮೆಂದ ಮೇಲೆ ಮೆಂತ್ಯ, ಹೊತ್ತಿದರೆ ಕಹಿ, ಕೈ ಬಿಡಬೇಡ’ ಎಂದು ಅಮ್ಮನೇ ಬರೆದಿದ್ದು ಅತ್ತಿಗೆಗೆ ನೆನಪಿದೆ. ಅಷ್ಟು ಮಾತನ್ನು ಮಗಳ ಇಂಗ್ಲಿಷು ‘ಅಂಟಿಲ್ ಡನ್’ ಎಂಬ ಎರಡು ಪದದಲ್ಲಿ ಮುಚ್ಚಿಹಾಕಿತ್ತು. ಅವತ್ತು ಹುಳಿ ಆಯಿತು. ಎಲ್ಲರೂ ಉಂಡೆವು. ಯಾರೂ ಏನೂ ಹೇಳಲಿಲ್ಲ.

ಇದರಲ್ಲಿ ಇಂಗ್ಲಿಷ್ ಭಾಷೆಯನ್ನು ಬೈದು ಪ್ರಯೋಜನವಿಲ್ಲ. ಇಂಗ್ಲಿಷಿನವರಿಗೂ ಅವರ ಸಕ್ಕರೆ ಪಾಕಕ್ಕೆ ಅವರದೇ ಹದದ ಹೆಸರುಗಳಿವೆ, ಅದನ್ನು ಅವರು ಬಿಟ್ಟುಕೊಟ್ಟಿಲ್ಲ. ಬಿಟ್ಟುಕೊಟ್ಟವರು ನಾವು. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ ಎಂದರೆ ಬೆರಳ ತುದಿಯಲ್ಲಿ ಅಂಟು ನೋಡಿ, ನೀರಿನಲ್ಲಿ ಹನಿ ಬಿಟ್ಟು ನೋಡಿ ಹುಟ್ಟಿದ ಮಾತುಗಳು. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಅವೇ ಥರ್ಮಾಮೀಟರ್. ಕಲಕು, ಕದಡು, ಕೈಯಾಡಿಸು, ಮಗುಚು, ತಿರುವು. ಈ ಐದೂ ಆ್ಯಪಿನಲ್ಲಿ ‘ಸ್ಟರ್’ ಆಗುತ್ತವೆ. ಮಜ್ಜಿಗೆಹುಳಿಗೆ ಕೈಯಾಡಿಸುವ ಬದಲು ಮುದ್ದೆ ತಿರುವಿದ ಹಾಗೆ ತಿರುವಿ ನೋಡಿ! ಅರೆ, ರುಬ್ಬು, ಬೀಸು, ಕುಟ್ಟು, ಜಜ್ಜು ಇವೂ ಅಷ್ಟೇ, ಎಲ್ಲವೂ ‘ಗ್ರೈಂಡ್’. (ಮಿಕ್ಸಿ ಬಂದ ಮೇಲೆ ನಮ್ಮ ಹೆಂಗಸರೇ ಎಲ್ಲದಕ್ಕೂ ‘ಮಿಕ್ಸಿಗೆ ಹಾಕು’ ಎನ್ನುತ್ತಿದ್ದಾರೆ ಎಂದು ನನ್ನ ಹೆಂಡತಿ ನನ್ನ ಬಾಯಿ ಮುಚ್ಚಿಸಿದಳು. ಅವಳ ಮಾತೂ ನಿಜ.)

ಹೆಸರುಗಳ ಗತಿಯಂತೂ ಕೇಳಬೇಡಿ. ಸಾರು ‘ರಸಂ’ ಆಯಿತು, ಹುಳಿ ‘ಸಾಂಬಾರ್’ ಆಯಿತು. ತಂಬುಳಿ ‘ಯೋಗರ್ಟ್ ಡಿಪ್’ ಅಂತೆ! ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ನೀರು ಬಸಿದು, ಬಸಿದ ನೀರಿಗೆ ಮಸಾಲೆ ಕೂಡಿಸಿ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಬಸಿದ ಸಾರು ಬಸ್ಸಾರು. ಹೆಸರೇ ವಿಧಾನ ಹೇಳುತ್ತದೆ. ಒಂದು ಪಾತ್ರೆ, ಒಂದು ಉರಿ, ಎರಡು ಅಡುಗೆ. ಆ್ಯಪಿಗೆ ಇದು ಅರ್ಥವಾಗುವುದಿಲ್ಲ. ಅದಕ್ಕೆ ಒಂದು ಚೀಟಿಗೆ ಒಂದೇ ಅಡುಗೆ. ಮಗಳು ಬಸ್ಸಾರನ್ನೂ ಪಲ್ಯವನ್ನೂ ಬೇರೆ ಬೇರೆ ಹಾಕಿದ್ದರಿಂದ ವಾರದ ದಿನಸಿ ಚೀಟಿಯಲ್ಲಿ ಸೊಪ್ಪು ಎರಡು ಪಟ್ಟು ಬಂತು. ಮನೆಗೆ ಎಂಟು ಕಟ್ಟು ಸೊಪ್ಪು ತಂದವನು ನಾನೇ.

ಇಂಗ್ಲಿಷಿನಲ್ಲಿ ಇನ್ನೊಂದು ತಮಾಷೆ ನೋಡಿ. ‘ಗ್ರಾಂ’ ಎಂದರೆ ತೂಕವೂ ಹೌದು, ಕಾಳೂ ಹೌದು. ಹೆಸರುಕಾಳು ‘ಗ್ರೀನ್ ಗ್ರಾಂ’, ಕಡಲೆ ‘ಬೆಂಗಾಲ್ ಗ್ರಾಂ’, ಹುರುಳಿ ‘ಹಾರ್ಸ್ ಗ್ರಾಂ’. ಅಪ್ಪಟ ಕನ್ನಡದಲ್ಲಿ ಒಂದೊಂದಕ್ಕೂ ಒಂದೊಂದೇ ಪದ, ಗೊಂದಲವೇ ಇಲ್ಲ. ಆದರೂ ನಾವು ಗೊಂದಲದ ಭಾಷೆಯಲ್ಲೇ ದಿನಸಿ ಬರೆಯುತ್ತೇವೆ.

ಹಾಗೆಂದು ನಮ್ಮ ಕಡೆ ಗೊಂದಲ ಇಲ್ಲವೇ ಇಲ್ಲ ಎನ್ನುವುದು ದುರಭಿಮಾನ. ನನ್ನ ಹೆಂಡತಿ ಗದಗಿನ ಕಡೆಯವಳು. ಅವಳ ಬಾಯಲ್ಲಿ ಹವೀಜ, ನನ್ನ ಬಾಯಲ್ಲಿ ಕೊತ್ತಂಬರಿ ಬೀಜ, ಅಂಗಡಿಯವನ ಬಾಯಲ್ಲಿ ಧನಿಯ. ಅವಳಿಗೆ ಪುಟಾಣಿ, ನನಗೆ ಹುರಿಗಡಲೆ. ಎಣ್ಣೆಗಾಯಿ, ಎಣ್ಣಿಗಾಯಿ, ಎಣಗಾಯಿ ಮೂರೂ ಒಂದೇ ಬದನೆಕಾಯಿ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಸಾಮಾನು, ಆದ್ದರಿಂದ ಚೀಟಿಯಲ್ಲಿ ಕೊತ್ತಂಬರಿ ಮೂರು ಸಲ ಬರುತ್ತದೆ. ಇದು ಕನ್ನಡದ ದೋಷವಲ್ಲ, ಸಂಪತ್ತು. ಆದರೆ ಈ ಸಂಪತ್ತನ್ನು ಯಂತ್ರಕ್ಕೆ ಕಲಿಸುವ ಕೆಲಸವನ್ನು ಯಾರು ಮಾಡಬೇಕು? ಕ್ಯಾಲಿಫೋರ್ನಿಯಾದವನು ಬಂದು ಮಾಡುತ್ತಾನೆಯೇ?

ಅಡುಗೆಯನ್ನು ಕನ್ನಡದಲ್ಲಿ ಬರೆಯುವುದು ನಮಗೆ ಹೊಸದಲ್ಲ. 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಮಳೆ, ಬಾವಿ, ಮರಮದ್ದಿನ ಜೊತೆಗೆ ಅಡುಗೆಗೂ ಒಂದು ಅಧ್ಯಾಯವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂದು ಅಡುಗೆಗೇ ಒಂದು ಇಡೀ ಕಾವ್ಯ ಬರೆದ. ಷಟ್ಪದಿಯಲ್ಲಿ ಬರೆದ! ಷಟ್ಪದಿಯಲ್ಲಿ ಹಿಡಿಸಿದ್ದು ಒಂದು ಆ್ಯಪಿನಲ್ಲಿ ಹಿಡಿಸುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ?

ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲ ಎಂಬ ನೆಪವೂ ಈಗ ಇಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವೆಲ್ಲ ದಾರಿ ಮಾಡಿಕೊಟ್ಟವು. ಆದರೆ ನಮ್ಮಂಥ ಪ್ರೆಸ್ಸಿನವರ ಒಂದು ಪಾಪ ಇಲ್ಲಿ ಒಪ್ಪಿಕೊಳ್ಳಬೇಕು. ಯೂನಿಕೋಡ್ ಬಂದ ಎಷ್ಟೋ ವರ್ಷದ ಮೇಲೂ ನಾವು ಹಳೆಯ ಫಾಂಟುಗಳಲ್ಲೇ ಡಿಟಿಪಿ ಮಾಡುತ್ತ ಕೂತೆವು. ಆ ಫೈಲಿನಿಂದ ನಕಲು ತೆಗೆದು ಫೋನಿಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರದ ಕಸ ಬೀಳುತ್ತದೆ. ಒಂದು ಮಹಿಳಾ ಸಮಾಜದ ಅಡುಗೆ ಪುಸ್ತಕ ನಮ್ಮಲ್ಲೇ ಅಚ್ಚಾಗಿತ್ತು. ನೂರಕ್ಕೂ ಹೆಚ್ಚು ಅಡುಗೆಗಳು. ಅದರ ಫೈಲು ಇವತ್ತಿಗೂ ಇದೆ, ಓದಲಿಕ್ಕೆ ಬರುವುದಿಲ್ಲ. ಈಗ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ, ತಪ್ಪು ತಿದ್ದಿ, ಪುಟ ಪುಟ ಯೂನಿಕೋಡಿಗೆ ತರುತ್ತಿದ್ದೇನೆ. ನಿಮ್ಮ ಊರಿನ ಪ್ರೆಸ್ಸುಗಳಲ್ಲೂ ಇಂಥ ಫೈಲುಗಳು ಕೊಳೆಯುತ್ತಿರುತ್ತವೆ. ಹೋಗಿ ಕೇಳಿ.

ಈಗ ಯುವಕರಾದ ನಿಮಗೆ ಕೆಲಸದ ಮಾತು. ಆ್ಯಪು ಬೇಡ ಎನ್ನುತ್ತಿಲ್ಲ, ಬಳಸಿ. ಆದರೆ ಮೊದಲು ಅಮ್ಮನ ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದು ಆ ಅಡುಗೆಯ ಜೊತೆಗೇ ಸೇರಿಸಿಡಿ. ಪುಸ್ತಕ ಇಲ್ಲದಿದ್ದರೆ ಅಮ್ಮ ಮಾಡುವಾಗ ಪಕ್ಕದಲ್ಲಿ ನಿಂತು ಅವರ ಮಾತನ್ನು ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳಿ. ಮಂಡ್ಯದ ಅಮ್ಮನಿಗೆ ಮಂಡ್ಯದ ಮಾತು, ಬೀದರಿನ ಅವ್ವನಿಗೆ ಬೀದರಿನ ಮಾತು. ಹೆಸರು, ವಿಧಾನ ಕನ್ನಡದಲ್ಲೇ ಇರಲಿ. ಅಳತೆಯ ಅಂಕಿ ಮಾತ್ರ 1, 2, 3 ಎಂದೇ ಹಾಕಿ. ನಮ್ಮ ಮನೆಯ ಆ್ಯಪು ‘2 ಪಾವು’ ಎಂದು ಬರೆದ ಕೂಡಲೇ ಗುಣಿಸಲು ಶುರು ಮಾಡಿತು. ಮೀಲಿ, ತಂದೂರ್‌ಗಳಲ್ಲಿ ನಮ್ಮದೇ ಅಳತೆ, ನಮ್ಮದೇ ಸಾಮಾನಿನ ಹೆಸರು ಸೇರಿಸಲು ಅವಕಾಶವಿದೆ. ಪಾವು, ಹಿಡಿ, ಚಿಟಿಕೆ, ಅಡಿಕೆ ಗಾತ್ರ, ನಿಂಬೆ ಗಾತ್ರ ಎಲ್ಲ ಸೇರಿಸಿ. ಮೀಲಿಯಲ್ಲಿ ಒಂದೇ ಸಾಮಾನಿಗೆ ಅಡ್ಡಹೆಸರುಗಳನ್ನೂ ಕೊಡಬಹುದು. ಹವೀಜ, ಧನಿಯ, ಕೊತ್ತಂಬರಿ ಬೀಜ ಮೂರೂ ಒಂದೇ ಎಂದು ಒಮ್ಮೆ ಹೇಳಿದರೆ ಸಾಕು.

ಪಾವಿಗೂ ಪಾವಿಗೂ ವ್ಯತ್ಯಾಸವಿದೆಯಲ್ಲ ಎಂದು ಯಾರಾದರೂ ಕೊಂಕು ತೆಗೆದರೆ ಉತ್ತರ ಸಿದ್ಧವಿದೆ. ಅಮೆರಿಕದ ಕಪ್ಪು ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250. ಅವರ ದೊಡ್ಡ ಚಮಚ 15, ಇವರದು 20. ಅವರವರ ಜಗಳವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ ಸಾಫ್ಟ್‌ವೇರು ನಮ್ಮ ಪಾವಿಗೆ ಮಾತ್ರ ಮುಖ ಸಿಂಡರಿಸಬೇಕೆ? ನಿಮ್ಮ ಮನೆಯ ಪಾವಿನಲ್ಲಿ ಅಕ್ಕಿ ತುಂಬಿ ತಕ್ಕಡಿಯಲ್ಲಿ ತೂಗಿ, ಗ್ರಾಂ ಬರೆದಿಡಿ. ಅಷ್ಟೇ ಕೆಲಸ.

ಇನ್ನೊಂದು ಎಚ್ಚರಿಕೆ. ಕಂಪನಿಯ ಕೈಯಲ್ಲಿ ಎಲ್ಲ ಕೊಟ್ಟು ನಿಶ್ಚಿಂತೆಯಾಗಿ ಮಲಗಬೇಡಿ. ‘ಎವರ್‌ನೋಟ್ ಫುಡ್’ ಎಂಬ ಅಡುಗೆ ಆ್ಯಪನ್ನು ಅದರ ಕಂಪನಿ 2015ರಲ್ಲಿ ನಿಲ್ಲಿಸಿಬಿಟ್ಟಿತು. ದೊಡ್ಡ ಕಂಪನಿಯದೇ ಆಗಲಿ, ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಹೊರತೆಗೆದು ಬೇರೆ ಕಡೆ ಇಡಿ. ಹಾಗೆ ಹೊರತೆಗೆಯಲು ಬಿಡದ ಆ್ಯಪು ಎಷ್ಟು ಚಂದವಿದ್ದರೂ ಬೇಡ. ಕನ್ನಡದಲ್ಲಿ ಅಡುಗೆ ವೆಬ್‌ಸೈಟ್ ನಡೆಸುವವರೂ ಕೇಳಿಸಿಕೊಳ್ಳಿ: ಆ್ಯಪುಗಳು ಅಡುಗೆಯನ್ನು ಎಳೆದುಕೊಳ್ಳುವುದು ಪುಟದೊಳಗೆ ಅಡಗಿಸಿಟ್ಟ ಗುರುತುಗಳಿಂದ. 2011ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಕೂಡಿ ಮಾಡಿದ ‘ಸ್ಕೀಮಾ’ ಎಂಬ ಪದ್ಧತಿ ಅದು. ಗುರುತು ಹಾಕಿದರೆ ಒಳಗಿನ ಮಾತು ಕನ್ನಡವೇ ಆಗಿರಲಿ, ಆ್ಯಪು ಸಾಮಾನು ಯಾವುದು, ವಿಧಾನ ಯಾವುದು ಎಂದು ಬೇರ್ಪಡಿಸುತ್ತದೆ. ಅಡುಗೆಯನ್ನು ಚಿತ್ರದೊಳಗೆ ಅಕ್ಷರ ಬರೆದು ಹಾಕುವ ಚಟ ಬಿಡಿ. ಅದನ್ನು ಎಷ್ಟೋ ಆ್ಯಪುಗಳು ನೆಟ್ಟಗೆ ಎಳೆದುಕೊಳ್ಳಲಾರವು.

ಇಂಜಿನಿಯರಿಂಗ್ ಓದಿದ ಹುಡುಗರಿಗೆ, ಹುಡುಗಿಯರಿಗೆ ವಿಶೇಷವಾಗಿ ಹೇಳುತ್ತೇನೆ. ನಾನು ಪಿಯುಸಿಗೆ ಪುಸ್ತಕ ಮುಚ್ಚಿದವನು, ನನಗೆ ಕೋಡು ಬರುವುದಿಲ್ಲ. ನಿಮಗೆ ಬರುತ್ತದೆ. ಮೀಲಿ, ತಂದೂರ್‌ಗಳ ಒಳಗಿನ ಕೋಡು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದ್ದಾರೆ. ಅನುವಾದಕ್ಕೆ ಬಾಗಿಲೂ ತೆರೆದಿದೆ. ಕನ್ನಡದ ಅಂಕಿ ತಿಳಿಯದಿದ್ದರೆ, ಪಿಡಿಎಫ್‌ನಲ್ಲಿ ಒತ್ತಕ್ಷರ ಜಾರಿದರೆ ದೂರು ಬರೆಯಿರಿ, ಬರೆದು ಸುಮ್ಮನಾಗದೆ ತಿದ್ದಿ ಕೊಡಿ. ಗೋಕಾಕ್ ಚಳವಳಿಯ ಕಾಲಕ್ಕೆ ನಾನಿನ್ನೂ ತೊಟ್ಟಿಲ ಕೂಸು. ಅಂದು ಬೀದಿಗಿಳಿದವರು ತಮ್ಮ ಕೈಲಿದ್ದ ಕೆಲಸ ಮಾಡಿದರು. ನಿಮ್ಮ ಕೈಲಿರುವುದು ಕೀಲಿಮಣೆ. ಒಂದು ಭಾನುವಾರ ನಾಲ್ಕು ಜನ ಒಂದು ರೂಮಿನಲ್ಲಿ ಕೂತರೆ ಮೆನುವಿನ ಅರ್ಧ ಪದ ಕನ್ನಡಕ್ಕೆ ಬರುತ್ತದೆ. ಆಮೇಲೆ ಅದೇ ರೂಮಿನಲ್ಲಿ ಬಸ್ಸಾರು ಮಾಡಿ ಉಣ್ಣಿ.

‘ರೂಮಿನಲ್ಲಿ ಜೊತೆಗಿರುವವನಿಗೆ ಕನ್ನಡ ಬರುವುದಿಲ್ಲ, ಅವನಿಗೂ ಓದಲು ಬೇಕಲ್ಲ’ ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ. ನ್ಯಾಯವಾದ ಮಾತು. ಅವನಿಗೆ ಕೆಳಗಡೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಡು ಮಾರಾಯ, ಯಾರು ಬೇಡ ಅಂದರು? ಮೂಲ ಪ್ರತಿ ಕನ್ನಡದಲ್ಲಿರಲಿ, ಅನುವಾದ ಇಂಗ್ಲಿಷಿನಲ್ಲಿರಲಿ. ನಮ್ಮ ಮನೆಯಲ್ಲಿ ಆದದ್ದು ಅನುವಾದ ಉಳಿದು ಮೂಲ ರದ್ದಿಗೆ ಹೋದದ್ದು.

ಈಗ ಮಗಳು ಮತ್ತೆ ಕೂತಿದ್ದಾಳೆ, ಈ ಸಲ ಕನ್ನಡದಲ್ಲಿ. ಭಾನುವಾರ ಅತ್ತಿಗೆಗೆ ಫೋನು ಮಾಡುತ್ತಾಳೆ, ತಿಪಟೂರಿನಲ್ಲಿರುವ ನಮ್ಮ ಚಿಕ್ಕಮ್ಮನಿಗೂ ಮಾಡುತ್ತಾಳೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ, ಇಬ್ಬರದನ್ನೂ ಬರೆದುಕೊಳ್ಳುತ್ತಾಳೆ. ಇಲ್ಲಿಯವರೆಗೆ ಅರವತ್ತರಲ್ಲಿ ಇಪ್ಪತ್ಮೂರು ಅಡುಗೆ ವಾಪಸು ಬಂದಿವೆ. ಹುಳಿಪುಡಿ ಹತ್ತಿರ ಹತ್ತಿರ ಬಂದಿದೆ, ಚಿಕ್ಕಮ್ಮ ಇನ್ನೂ ಒಪ್ಪಿಲ್ಲ. ಹೀರೇಕಾಯಿ ಸಿಪ್ಪೆ ಚಟ್ನಿಗೆ ಅಮ್ಮ ಕೊನೆಯಲ್ಲಿ ಏನು ಹಾಕುತ್ತಿದ್ದರು ಎಂಬುದು ಮಾತ್ರ ಇಬ್ಬರಿಗೂ ನೆನಪಿಲ್ಲ.